ಡಚ್ ಓವನ್ ಅಡುಗೆ ಶುರು ಮಾಡುವುದು ಹೇಗೆ? (ಗುಬ್ಬಿ ಹತ್ತಿರ ತೋಟದಲ್ಲಿ ಕ್ಯಾಂಪ್)

ತುಮಕೂರು ಟೆಂಟ್

ಎಲ್ಲರಿಗೂ ನಮಸ್ಕಾರ. ಸಂಕ್ರಾಂತಿ ರಜೆಯಲ್ಲಿ ಗುಬ್ಬಿ ಹತ್ತಿರ ಗೆಳೆಯನ ತೆಂಗಿನ ತೋಟದಲ್ಲಿ ಟೆಂಟ್ ಹಾಕುತ್ತಿದ್ದೇವೆ. ಆರು ಜನ, ಅದರಲ್ಲಿ ಇಬ್ಬರು ಮಕ್ಕಳು. ಪ್ರತಿ ಸಲ ಸಣ್ಣ ಗ್ಯಾಸ್ ಸ್ಟೌ ಒಯ್ದು ನೂಡಲ್ಸ್, ಚಿತ್ರಾನ್ನದಲ್ಲೇ ಮುಗಿಸುತ್ತೇವೆ. ಈ ಸಲ ಡಚ್ ಓವನ್‌ನಲ್ಲಿ (ಮುಚ್ಚಳ ಇರುವ ದಪ್ಪ ಎರಕದ ಕಬ್ಬಿಣದ ಪಾತ್ರೆ) ಅಡುಗೆ ಮಾಡಬೇಕು ಅಂತ ಆಸೆ. ಮುಚ್ಚಳದ ಮೇಲೆ ಕೆಂಡ ಹಾಕಿ ಬ್ರೆಡ್, ಕೋಳಿ ಎಲ್ಲ ಬೇಯಿಸುವ ವಿಡಿಯೋ ನೋಡಿದಾಗಿನಿಂದ ಅದೇ ಗುಂಗು.

ಯಾವ ಸೈಜು ತಗೋಬೇಕು? ಇಲ್ಲಿ ಸಿಗುವ ಇದ್ದಿಲು ಆಗುತ್ತಾ? ಮೊದಲು ಏನು ಮಾಡಿದರೆ ಒಳ್ಳೆಯದು? ದೋಸೆ ಕಾವಲಿ ಬಿಟ್ಟರೆ ನಮ್ಮ ಮನೆಯಲ್ಲಿ ಕಬ್ಬಿಣದ ಪಾತ್ರೆಯ ಬಳಕೆ ಇಲ್ಲ.

ಕಬ್ಬಿಣದ ಬಾಣಲೆ

ಒಳ್ಳೆಯ ಯೋಚನೆ. ಮೊದಲು ಪಾತ್ರೆ ಸರಿಯಾಗಿ ನೋಡಿ ತಗೊಳ್ಳಿ. ಆನ್‌ಲೈನ್‌ನಲ್ಲಿ ಡಚ್ ಓವನ್ ಅಂತ ಹುಡುಕಿದರೆ ಬರುವುದರಲ್ಲಿ ಹೆಚ್ಚಿನವು ಅಡುಗೆಮನೆಯವು. ತಳ ಚಪ್ಪಟೆ, ಮುಚ್ಚಳ ಉಬ್ಬು, ಮೈಗೆಲ್ಲ ಬಣ್ಣದ ಎನಾಮಲ್. ಗ್ಯಾಸಿಗೆ, ಮನೆಯ ಓವನ್ನಿಗೆ ಅವು ಚೆನ್ನ. ಕೆಂಡಕ್ಕೆ ಬೇಡ. ಎನಾಮಲ್ ಬಿರುಕು ಬಿಟ್ಟು ಚಕ್ಕೆ ಏಳುತ್ತದೆ. ಉಬ್ಬು ಮುಚ್ಚಳದ ಮೇಲೆ ಕೆಂಡ ನಿಲ್ಲುವುದೂ ಇಲ್ಲ.

ಕ್ಯಾಂಪಿಗೆ ಬೇಕಾದ್ದು ಎನಾಮಲ್ ಇಲ್ಲದ ಎರಕದ ಕಬ್ಬಿಣದ್ದು. ಅಡಿಯಲ್ಲಿ ಮೂರು ಗಿಡ್ಡ ಕಾಲು, ಮೇಲೆ ಚಪ್ಪಟೆ ಮುಚ್ಚಳ, ಮುಚ್ಚಳದ ಸುತ್ತ ಎತ್ತರದ ಅಂಚು, ನೇತುಹಾಕಲು ಗಟ್ಟಿ ತಂತಿಯ ಹಿಡಿ. ಕಾಲು ಇದ್ದರೆ ತಳಕ್ಕೂ ಕೆಂಡಕ್ಕೂ ನಡುವೆ ಗಾಳಿ ಆಡುತ್ತದೆ. ಅಂಚು ಇದ್ದರೆ ಮೇಲಿನ ಕೆಂಡ ಜಾರುವುದಿಲ್ಲ, ಮುಚ್ಚಳ ತೆಗೆಯುವಾಗ ಬೂದಿ ಅನ್ನಕ್ಕೆ ಬೀಳುವುದಿಲ್ಲ.

ಸೈಜಿನ ವಿಷಯ. 10 ಇಂಚಿನದು ಸುಮಾರು 4 ಲೀಟರ್ ಹಿಡಿಯುತ್ತದೆ, ತೂಕ ಹತ್ತಿರ ಹತ್ತಿರ 7 ಕೆಜಿ. 12 ಇಂಚಿನದು ಐದೂವರೆ ಲೀಟರಿಗಿಂತ ಸ್ವಲ್ಪ ಜಾಸ್ತಿ, ತೂಕ 9 ಕೆಜಿ. ಆರು ಜನಕ್ಕೆ 12 ಸರಿ. ಆದರೆ ಅದರ ತುಂಬ ಸಾರು ಮಾಡಿ ಒಲೆಯಿಂದ ಎತ್ತುವವರು ಯಾರು ಅಂತಲೂ ಯೋಚನೆ ಮಾಡಿ.

ಇನ್ನೊಂದು ಮಾತು. ಹೊಸಬರೆಲ್ಲ ತಳದ ಬೆಂಕಿಯನ್ನೇ ನೋಡುತ್ತಿರುತ್ತಾರೆ. ಈ ಪಾತ್ರೆಯ ಜೀವ ಇರುವುದು ಮುಚ್ಚಳದಲ್ಲಿ. ಬ್ರೆಡ್, ಕೇಕ್ ಥರದ್ದು ಮಾಡುವಾಗ ಮೂರರಲ್ಲಿ ಎರಡು ಪಾಲು ಕೆಂಡ ಮೇಲೆ, ಒಂದು ಪಾಲು ಕೆಳಗೆ. ಕೋಳಿ ಹುರಿದು ಬೇಯಿಸುವಾಗ ಅರ್ಧ ಅರ್ಧ. ಸಾರು, ಕರಿಯುವುದು ಇದ್ದರೆ ಮಾತ್ರ ಬಹುಪಾಲು ಕೆಳಗೆ. ಇಷ್ಟು ತಲೆಯಲ್ಲಿ ಕೂತರೆ ಸೀಯುವ ಭಯ ಬಹಳ ಮಟ್ಟಿಗೆ ಹೋಗುತ್ತದೆ.

ಬೆಟ್ಟದ ದಾರಿ

ಮೇಲೆ ಕೆಂಡ ಕೆಳಗೆ ಕೆಂಡ ನಮ್ಮಲ್ಲಿ ದಮ್ ಬಿರಿಯಾನಿಗೆ ಮೊದಲಿಂದಲೂ ಇದೆ ಅಲ್ವಾ? ದಬರಿ ಸಾಲದಾ? ಸುಮ್ನೆ ಅಷ್ಟು ದುಡ್ಡು ಹಾಕಬೇಕಾ?

ಕಬ್ಬಿಣದ ಬಾಣಲೆ

ಬಿರಿಯಾನಿಗೆ ದಬರಿ ಸಾಕು, ಒಪ್ಪುತ್ತೇನೆ. ಅಲ್ಲಿ ಅಕ್ಕಿ ಮುಕ್ಕಾಲು ಬೆಂದಿರುತ್ತದೆ, ಒಳಗೆ ಆವಿ ತುಂಬಿರುತ್ತದೆ, ಸಣ್ಣ ಕಾವಿನಲ್ಲಿ ಅರಳಿದರೆ ಆಯಿತು. ಬ್ರೆಡ್ಡಿಗೆ ಬೇಕಾದ್ದು ಒಣ ಕಾವು, ಅದೂ ಎಲ್ಲ ಕಡೆಯಿಂದ ಒಂದೇ ಸಮ. ತೆಳು ಅಲ್ಯುಮಿನಿಯಂ ಪಾತ್ರೆಯಲ್ಲಿ ಕೆಂಡ ಇರುವ ಜಾಗ ಸುಡುತ್ತದೆ, ಪಕ್ಕದ ಜಾಗ ಹಸಿ ಉಳಿಯುತ್ತದೆ. ದಪ್ಪ ಕಬ್ಬಿಣ ಕಾವನ್ನು ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಡುತ್ತದೆ. ಅದಕ್ಕೇ ಅಷ್ಟು ಭಾರ.

ಆದರೆ ಶುರುವಿನಲ್ಲೇ ಖರೀದಿ ಮಾಡಲೇಬೇಕು ಅಂತಿಲ್ಲ. ಮನೆಯಲ್ಲಿ ದಪ್ಪ ಎರಕದ ಬಾಣಲೆ ಇದ್ದರೆ ಮೂರು ಕಲ್ಲಿನ ಮೇಲೆ ಇಡಿ. ಮುಚ್ಚಳಕ್ಕೆ ವೆಲ್ಡಿಂಗ್ ಶಾಪಿನಲ್ಲಿ 4 ಅಥವಾ 5 ಮಿಲಿಮೀಟರ್ ದಪ್ಪದ ಕಬ್ಬಿಣದ ತಟ್ಟೆ ಕತ್ತರಿಸಿ, ಸುತ್ತ ಒಂದು ಇಂಚಿನ ಪಟ್ಟಿ, ನಡುವೆ ಒಂದು ಕುಣಿಕೆ ಹಾಕಿಸಿ. ಸತು ಲೇಪಿಸಿದ ಬಿಳಿ ಶೀಟು ಮಾತ್ರ ಬೇಡ, ಕಾವಿಗೆ ಬರುವ ಅದರ ಹೊಗೆ ಒಳ್ಳೆಯದಲ್ಲ. ಹಾಗೇ ಎರಕದ ಪಾತ್ರೆಗೇ ಕಾಲು ವೆಲ್ಡ್ ಮಾಡಿಸಲು ಹೋಗಬೇಡಿ, ಸೀಳು ಬಿಡುತ್ತದೆ. ಕಾಲಿನ ಬದಲು ಬೇರೆ ಮೂರು ಕಾಲಿನ ಸ್ಟ್ಯಾಂಡು ಮಾಡಿಸಿಕೊಳ್ಳಿ.

ತಿಪಟೂರು ಚಿಪ್ಪು

ಇದ್ದಿಲಿನ ಬಗ್ಗೆ ನಾನು ಹೇಳುತ್ತೇನೆ. ತೆಂಗಿನ ಸೀಮೆಯಲ್ಲಿ ಕೂತುಕೊಂಡು ಇದ್ದಿಲಿಗೆ ಯಾಕೆ ಯೋಚನೆ?

ಆದರೆ ಹಸಿ ಚಿಪ್ಪನ್ನು ನೇರ ಹಚ್ಚಿ ಅದರ ಮೇಲೆ ಪಾತ್ರೆ ಇಡಬೇಡಿ. ಚಿಪ್ಪಿನಲ್ಲಿ ಉಳಿದ ಎಣ್ಣೆ ಅಂಶಕ್ಕೆ ಉರಿ ಎದ್ದು ಕಪ್ಪು ಹೊಗೆ ಬರುತ್ತದೆ, ಅದರ ಕೆಂಡ ತೆಳುವಾಗಿದ್ದು ಬೇಗ ಬೂದಿ ಆಗುತ್ತದೆ. ಗಾಳಿ ಕಡಿಮೆ ಮಾಡಿ ಸುಟ್ಟು ತಯಾರಿಸಿದ ಚಿಪ್ಪಿನ ಇದ್ದಿಲು ಬೇರೆಯೇ ಮಾಲು. ಹೊಗೆ ಇಲ್ಲ, ಬೂದಿ ಕಡಿಮೆ, ಕಾವು ಜೋರು. ನಮ್ಮ ಕಡೆ ಕೊಬ್ಬರಿ ಸುಲಿದ ಮೇಲೆ ಉಳಿಯುವ ಚಿಪ್ಪಿನಿಂದ ಇದನ್ನು ಮಾಡುತ್ತಾರೆ. ಅದನ್ನೇ ಪುಡಿ ಮಾಡಿ ಅಚ್ಚಿಗೆ ಹಾಕಿದ ಬ್ರಿಕೆಟ್ಟೂ ಸಿಗುತ್ತದೆ. ಎಲ್ಲ ಒಂದೇ ಗಾತ್ರ ಇರುವುದರಿಂದ ಹೊಸಬರಿಗೆ ಎಣಿಸಿ ಇಡಲು ಅನುಕೂಲ.

ಸೌದೆಯೇ ಬೇಕು ಅಂದರೆ ಹುಣಸೆ, ಸೀಮೆ ಜಾಲಿ. ಎರಡರ ಕೆಂಡವೂ ಗಟ್ಟಿ. ತೆಂಗಿನ ಗರಿ, ಸೋಗೆ ಹಚ್ಚಲಿಕ್ಕೆ ಮಾತ್ರ. ಭರ್ರನೆ ಉರಿದು ಹೋಗುತ್ತವೆ.

ಕಬ್ಬಿಣದ ಬಾಣಲೆ

ಎಣಿಕೆ ಅಂದಿದ್ದು ನೆನಪಾಯಿತು. ಅಮೆರಿಕದವರ ಲೆಕ್ಕ ಸುಲಭ ಇದೆ. ಪಾತ್ರೆ ಎಷ್ಟು ಇಂಚೋ ಅದಕ್ಕೆ 3 ಕೂಡಿಸಿ, ಅಷ್ಟು ಬ್ರಿಕೆಟ್ ಮೇಲೆ. 3 ಕಳೆದು, ಅಷ್ಟು ಕೆಳಗೆ. 12 ಇಂಚಿಗೆ ಮೇಲೆ 15, ಕೆಳಗೆ 9. ಒಳಗೆ ಹೆಚ್ಚುಕಡಿಮೆ 165ರಿಂದ 175 ಡಿಗ್ರಿ ಸೆಲ್ಸಿಯಸ್ ಬರುತ್ತದೆ. ಇನ್ನೆರಡು ಸೇರಿಸಿದರೆ ಸುಮಾರು 14 ಡಿಗ್ರಿ ಏರುತ್ತದೆ. ಬ್ರೆಡ್, ಕೇಕಿಗೆ ತಳ ಕೆಂಪಾಗುವುದು ಜಾಸ್ತಿ ಅನ್ನಿಸಿದರೆ ಕೆಳಗಿನ ಒಂದೆರಡನ್ನು ಎತ್ತಿ ಮೇಲಕ್ಕೆ ಹಾಕಿ.

ಕೆಳಗಿನವನ್ನು ಉಂಗುರದ ಹಾಗೆ ಅಂಚಿಗೆ ಜೋಡಿಸಿ, ನಡುವೆ ಖಾಲಿ ಬಿಡಿ. ಮೇಲಿನವನ್ನೂ ಅಂಚಿನ ಸುತ್ತ, ನಡುವೆ ಒಂದೆರಡು ಮಾತ್ರ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಪಾತ್ರೆಯನ್ನು ಕಾಲು ಸುತ್ತು ಬಲಕ್ಕೆ, ಮುಚ್ಚಳವನ್ನು ಕಾಲು ಸುತ್ತು ಎಡಕ್ಕೆ ತಿರುಗಿಸಿ. ಒಂದೇ ಕಡೆ ಕಾವು ಬೀಳುವುದು ಇದರಿಂದ ತಪ್ಪುತ್ತದೆ. ಒಂದು ಸುತ್ತಿನ ಬ್ರಿಕೆಟ್ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬರುತ್ತದೆ. ಅದಕ್ಕಿಂತ ಹೊತ್ತು ಬೇಯಬೇಕಾದರೆ ಮುಂದಿನ ಕಂತನ್ನು ಪಕ್ಕದಲ್ಲಿ ಮೊದಲೇ ಹಚ್ಚಿಟ್ಟಿರಬೇಕು.

ತಿಪಟೂರು ಚಿಪ್ಪು

ಲೆಕ್ಕ ಸರಿ, ಆದರೆ ಅದು ಗಾಳಿ ಇಲ್ಲದ ದಿನದ್ದು. ಗಾಳಿ ಬೀಸಿದರೆ ಅದೇ ಬ್ರಿಕೆಟ್ ಎರಡರಷ್ಟು ಕಾವು ಕೊಟ್ಟು ಅರ್ಧ ಹೊತ್ತಿಗೆ ಮುಗಿಯುತ್ತದೆ. ಆಷಾಢದಲ್ಲಿ ನಮ್ಮ ಬಯಲಲ್ಲಿ ಎಣಿಕೆ ನಡೆಯುವುದೇ ಇಲ್ಲ. ಗಾಳಿ ಬರುವ ಕಡೆಗೆ ಒಂದು ತಗಡು ನಿಲ್ಲಿಸಿ, ಮಿಕ್ಕಿದ್ದನ್ನು ಮೂಗಿಗೆ ಬಿಡಿ. ಪಾತ್ರೆಯಿಂದ ಘಮ ಬಂತು ಅಂದರೆ ಅಡುಗೆ ಮುಗಿಯುವ ಹಂತಕ್ಕೆ ಬಂದಿದೆ ಅಂತ ಅರ್ಥ.

ಕಬ್ಬಿಣದ ಬಾಣಲೆ

ಮೂಗಿನ ಮಾತು ನೂರಕ್ಕೆ ನೂರು ನಿಜ. ಆದರೂ ಹೊಸಬರು ಮೊದಲು ಎಣಿಸಲಿ ಅನ್ನುವುದು ನನ್ನ ಅಭಿಪ್ರಾಯ. ಎಷ್ಟು ಕೆಂಡಕ್ಕೆ ಏನಾಯಿತು ಅಂತ ಗೊತ್ತಿದ್ದರೆ ಮುಂದಿನ ಸಲ ತಿದ್ದಲು ಆಗುತ್ತದೆ.

ಚಿಂತಾಮಣಿ ಅವರೆ

ಎಲ್ಲರೂ ಪಾತ್ರೆ, ಬೆಂಕಿ ಅಂತಿದ್ದೀರಿ, ಊಟದ ಬಗ್ಗೆ ನಾನು ಬರೆಯುತ್ತೇನೆ. ಸಂಕ್ರಾಂತಿ ಅಂದರೆ ಅವರೆಕಾಯಿ ಕಾಲ. ಸೊಗಡಿನ ಅವರೆ ಸಿಗುವಾಗ ಬ್ರೆಡ್ ಯಾಕೆ ಮೊದಲು? ಅವರೆಕಾಳಿನ ದಪ್ಪ ಅಕ್ಕಿ ರೊಟ್ಟಿ ಮಾಡಿ.

ಅಕ್ಕಿ ಹಿಟ್ಟು, ಮೊದಲೇ ಬೇಯಿಸಿದ ಅವರೆಕಾಳು, ಸಬ್ಬಸಿಗೆ ಸೊಪ್ಪು, ಈರುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ಕಾಯಿತುರಿ, ಉಪ್ಪು. ಬಿಸಿ ನೀರಲ್ಲಿ ಮೆತ್ತಗೆ ಕಲಸಿ. ಪಾತ್ರೆ ತಣ್ಣಗಿರುವಾಗಲೇ ತಳಕ್ಕೆ ಧಾರಾಳವಾಗಿ ಕಡಲೆಕಾಯಿ ಎಣ್ಣೆ ಸವರಿ, ಹಿಟ್ಟನ್ನು ಅರ್ಧ ಇಂಚು ದಪ್ಪಕ್ಕೆ ತಟ್ಟಿ. ಬೆರಳಲ್ಲಿ ನಾಲ್ಕೈದು ತೂತು ಮಾಡಿ ಅದಕ್ಕೂ ಎಣ್ಣೆ ಬಿಡಿ. ಮೇಲೂ ಒಂದು ಚಮಚ. ಮುಚ್ಚಿ, ಕೆಳಗೆ ಸ್ವಲ್ಪ, ಮೇಲೆ ಜಾಸ್ತಿ ಕೆಂಡ.

ಕಾಲು ಗಂಟೆ ಆದಮೇಲೆ ಮುಚ್ಚಳ ತೆಗೆದು ನೋಡಿ. ಅಂಚು ಪಾತ್ರೆ ಬಿಟ್ಟು ಒಳಕ್ಕೆ ಸರಿದಿರುತ್ತದೆ. ತೂತುಗಳಲ್ಲಿ ಎಣ್ಣೆ ಚುರುಚುರು ಅನ್ನುತ್ತಿರುತ್ತದೆ. ಮೇಲಿನ ಮೈ ಇನ್ನೂ ಬೆಳ್ಳಗಿದ್ದರೆ ಕೆಳಗಿನ ಕೆಂಡ ಸರಿಸಿ, ಮೇಲೆ ಹಾಗೇ ಬಿಟ್ಟು ಇನ್ನೊಂದು ಹತ್ತು ನಿಮಿಷ ಇಡಿ. ಈರುಳ್ಳಿ ತುದಿ ಕಂದು ಬಣ್ಣಕ್ಕೆ ತಿರುಗಿದಾಗ ತೆಗೆಯಿರಿ. ಮಗುಚುವ ಕೆಲಸವೇ ಇಲ್ಲ. ಎರಡೂ ಕಡೆ ಗರಿಗರಿ, ನಡುವೆ ಮೆತ್ತಗೆ. ಬೆಣ್ಣೆ, ಹುಚ್ಚೆಳ್ಳು ಚಟ್ನಿಪುಡಿ ಇದ್ದರೆ ಮಕ್ಕಳು ಬೇರೇನೂ ಕೇಳುವುದಿಲ್ಲ.

ಒಂದು ಎಚ್ಚರಿಕೆ. ಹೊಸ ಕಬ್ಬಿಣದಲ್ಲಿ ಹುಳಿ ಬೇಡ. ನಮ್ಮ ಸಾರಿಗೆಲ್ಲ ಹುಣಸೆ, ಟೊಮೆಟೊ ಬೀಳುತ್ತದೆ ಅಲ್ವಾ? ಹುಳಿ ಕುದಿದರೆ ಪಾತ್ರೆಯ ಎಣ್ಣೆ ಪದರ ಕಿತ್ತು ಬರುತ್ತದೆ, ಸಾರು ಕಪ್ಪಾಗಿ ಕಬ್ಬಿಣದ ರುಚಿ ಹತ್ತುತ್ತದೆ. ಹಿತಕಿದ ಬೇಳೆ ಸಾರು ಮಾಡುವುದಾದರೆ ಹುಳಿ ಬಿಟ್ಟು ಮಾಡಿ, ಕೊನೆಗೆ ತಟ್ಟೆಯಲ್ಲೇ ನಿಂಬೆಹಣ್ಣು ಹಿಂಡಿಕೊಳ್ಳಿ. ಮೆಣಸು ಹಾಕಿದ ನಾಟಿಕೋಳಿಯೂ ಚೆನ್ನಾಗಿ ಬರುತ್ತದೆ. ಪದರ ಕಪ್ಪಗೆ ಹೊಳೆಯುವಷ್ಟು ಗಟ್ಟಿಯಾದ ಮೇಲೆ ಸ್ವಲ್ಪ ಟೊಮೆಟೊ ತಡೆಯುತ್ತದೆ. ಯಾವತ್ತೂ ಉಳಿದ ಸಾರನ್ನು ರಾತ್ರಿಯಿಡೀ ಅದರಲ್ಲೇ ಬಿಡಬೇಡಿ.

ತುಮಕೂರು ಟೆಂಟ್

ರೊಟ್ಟಿ ಓದಿಯೇ ಹಸಿವಾಯಿತು ಅಕ್ಕ, ಖಂಡಿತ ಮಾಡುತ್ತೇವೆ. ಎಣ್ಣೆ ಪದರ ಅಂದಿರಲ್ಲ, ಅದನ್ನು ಮಾಡಿಕೊಳ್ಳುವುದು ಹೇಗೆ? ಮತ್ತೆ ಬೇಳೆ, ಕಾಳು ಅಲ್ಲೇ ಬೇಯಿಸಬಹುದಾ?

ಕಬ್ಬಿಣದ ಬಾಣಲೆ

ದೋಸೆ ಕಾವಲಿ ಪಳಗಿಸಿದವರಿಗೆ ಇದು ಹೊಸದಲ್ಲ. ಪಾತ್ರೆ ತೊಳೆದು, ಒಲೆಯ ಮೇಲೆ ಇಟ್ಟು ಪೂರ್ತಿ ಒಣಗಿಸಿ. ಸೂರ್ಯಕಾಂತಿ ಅಥವಾ ಕಡಲೆಕಾಯಿ ಎಣ್ಣೆಯನ್ನು ಒಳಗೆ, ಹೊರಗೆ, ಕಾಲಿಗೆ, ಮುಚ್ಚಳಕ್ಕೆ ಸವರಿ. ಆಮೇಲೆ ಒಣ ಬಟ್ಟೆಯಲ್ಲಿ ಅದನ್ನು ಇಲ್ಲವೇ ಇಲ್ಲ ಅನ್ನುವಷ್ಟು ಒರೆಸಿ. ಎಣ್ಣೆ ಜಾಸ್ತಿ ಉಳಿದರೆ ಅಂಟಂಟಾಗುತ್ತದೆ, ಎಲ್ಲರೂ ಎಡವುವುದು ಇಲ್ಲೇ. ಬೋರಲು ಹಾಕಿ 200 ಡಿಗ್ರಿ ದಾಟಿದ ಓವನ್ನಿನಲ್ಲಿ ಒಂದು ಗಂಟೆ ಇಡಿ, ಅಲ್ಲೇ ಆರಲು ಬಿಡಿ. ಓವನ್ ಇಲ್ಲದಿದ್ದರೆ ಅಂಗಳದಲ್ಲಿ ಕೆಂಡದ ಮೇಲೂ ಆಗುತ್ತದೆ, ಹೊಗೆ ಬರುವುದು ನಿಂತ ಮೇಲೆ ತೆಗೆಯಿರಿ. ಎರಡು ಮೂರು ಸಲ ಹೀಗೆ ಮಾಡಿದರೆ ಒಳ್ಳೆಯ ಅಡಿಪಾಯ. ಬಿಸಿಗೆ ಎಣ್ಣೆ ಗಟ್ಟಿಯಾಗಿ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ, ಅದೇ ಪದರ.

ಬೇಳೆ ಬೇಯುತ್ತದೆ, ಆದರೆ ಇದು ಕುಕ್ಕರ್ ಅಲ್ಲ. ತುಮಕೂರು, ಕೋಲಾರ ಎಲ್ಲ ಸಮುದ್ರಮಟ್ಟದಿಂದ 800 ಮೀಟರ್ ಮೇಲಿವೆ. ನೀರು ಇಲ್ಲಿ 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ, ಹಾಗಾಗಿ ಬೇಯಲು ಹೊತ್ತು ಹಿಡಿಯುತ್ತದೆ. ತೊಗರಿಬೇಳೆಯನ್ನು ಒಂದೆರಡು ಗಂಟೆ ನೆನೆಸಿ, ಒಣ ಕಾಳನ್ನು ರಾತ್ರಿಯೇ ನೆನೆಹಾಕಿ.

ಶ್ರೀನಿವಾಸಪುರದ ಮಾವು

ಬೇಳೆಗೆ ಇನ್ನೊಂದು ಸೇರಿಸಿ: ನೀರು. ನಮ್ಮ ಕೋಲಾರದ ಕಡೆ ಬೋರ್‌ವೆಲ್ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ ಕಾಳಿನ ಸಿಪ್ಪೆಯನ್ನು ಗಟ್ಟಿ ಹಿಡಿದುಕೊಳ್ಳುತ್ತದೆ, ಎಷ್ಟು ಕುದಿಸಿದರೂ ಬೇಳೆ ಕರಗುವುದಿಲ್ಲ. ಕ್ಯಾಂಪಿಗೆ ಹೋಗುವಾಗ ಅಡುಗೆಗೆ ಬೇರೆ ಕ್ಯಾನ್ ನೀರು ಒಯ್ಯಿರಿ. ಕುಡಿಯಲಿಕ್ಕೂ ಅದೇ ಒಳ್ಳೆಯದು, ಕೋಲಾರ, ಪಾವಗಡ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ತೊಂದರೆ ಇದೆ.

ಏಪ್ರಿಲ್ ಮೇ ಬಂದಾಗ ನಮ್ಮ ಕಡೆ ಬನ್ನಿ. ಮಾವಿನ ಹಣ್ಣಿನ ಹೋಳುಗಳಿಗೆ ಬೆಲ್ಲ, ಏಲಕ್ಕಿ ಬೆರೆಸಿ ತಳಕ್ಕೆ ಹಾಕಿ, ಮೇಲೆ ರವೆ, ಮೊಸರು, ತುಪ್ಪ, ಸಕ್ಕರೆ, ಚಿಟಿಕೆ ಅಡುಗೆ ಸೋಡಾ ಕಲಸಿದ ಹಿಟ್ಟು ಸುರಿದು ಮುಚ್ಚಿ. ಹಣ್ಣು ಹುಳಿ ಇರುವುದರಿಂದ ತಳಕ್ಕೆ ಬಾಳೆ ಎಲೆ ಹಾಸುವುದು ಒಳ್ಳೆಯದು.

ಬೆಟ್ಟದ ದಾರಿ

ನಾವು ಕೆಲವರು ದೇವರಾಯನದುರ್ಗದ ಕಡೆ ಎಲ್ಲಾದರೂ ಬಂಡೆ ಮೇಲೆ ಹೀಗೆ ಮಾಡೋಣ ಅಂತಿದ್ದೆವು. ಬಂಡೆ ಮೇಲೆ ಹುಲ್ಲು ಇರುವುದಿಲ್ಲ, ಸೇಫ್ ಅಲ್ವಾ?

ನಾಗವಲ್ಲಿ ಕಾಡುಪಾಪ

ದಯವಿಟ್ಟು ಬೇಡ. ಕಾಡಿನಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಅನುಮತಿ ಇಲ್ಲದೆ ಟೆಂಟ್ ಹಾಕುವುದೂ ತಪ್ಪು. ಕಾಯ್ದೆ ಇರಲಿ, ಜಾಗವನ್ನೇ ನೋಡಿ. ಜನವರಿ ಮುಗಿಯುವಷ್ಟರಲ್ಲಿ ನಮ್ಮ ಬೆಟ್ಟಗಳ ಬಾದೆ ಹುಲ್ಲು ಪೂರ್ತಿ ಒಣಗಿ ನಿಂತಿರುತ್ತದೆ. ಒಂದು ಕಿಡಿ ಸಾಕು. ಚಿರತೆ, ಕರಡಿ ಓಡಿ ತಪ್ಪಿಸಿಕೊಳ್ಳಬಹುದು. ನಮ್ಮೂರಿನ ಕಡೆ ಮರದಲ್ಲಿರುವ ಕಾಡುಪಾಪ ನಿಧಾನಕ್ಕೆ ನಡೆಯುವ ಪ್ರಾಣಿ, ಅದು ಎಲ್ಲಿಗೆ ಹೋಗಬೇಕು? ನಂದಿಬೆಟ್ಟ, ಸ್ಕಂದಗಿರಿ ಕಡೆ ಹೋಗುವವರಿಗೂ ಇದೇ ಮಾತು.

ಬಂಡೆಯೂ ಸೇಫ್ ಅಲ್ಲ. ಬೆಂಕಿಯ ಕಾವಿಗೆ ಗ್ರಾನೈಟ್ ಪದರ ಪದರವಾಗಿ ಏಳುತ್ತದೆ. ಹಿಂದೆ ಕಲ್ಲು ಒಡೆಯುವವರು ಬಂಡೆಯ ಮೇಲೆ ಸೌದೆ ಉರಿಸಿ ಚಪ್ಪಡಿ ಎಬ್ಬಿಸುತ್ತಿದ್ದುದು ಇದೇ ಗುಣ ನೋಡಿಕೊಂಡು. ಒಲೆಯ ಪಕ್ಕ ಕೂತಾಗ ಚಕ್ಕೆ ಸಿಡಿದು ಮುಖಕ್ಕೆ ಬಂದರೆ? ಉಳಿಯುವ ಕಪ್ಪು ಕಲೆ ವರ್ಷಗಟ್ಟಲೆ ಹೋಗುವುದಿಲ್ಲ.

ಸ್ವಂತ ಜಮೀನು, ಗೆಳೆಯರ ತೋಟ, ಒಲೆಗೆ ಒಪ್ಪಿಗೆ ಕೊಡುವ ಫಾರ್ಮ್‌ಸ್ಟೇ, ಇಷ್ಟರಲ್ಲಿ ಮಾಡಿ.

ಬೆಟ್ಟದ ದಾರಿ

ಬಂಡೆಯ ವಿಷಯ ಗೊತ್ತಿರಲಿಲ್ಲ, ಧನ್ಯವಾದ. ಬೆಟ್ಟಕ್ಕೆ ಬುತ್ತಿ ಕಟ್ಟಿಕೊಂಡು ಹೋಗುತ್ತೇವೆ, ಒಲೆ ತೋಟದಲ್ಲೇ.

ತಿಪಟೂರು ಚಿಪ್ಪು

ತೋಟದಲ್ಲೂ ನೋಡಿಕೊಂಡು. ಮರದ ಬುಡದಿಂದ ದೂರ, ಸೋಗೆ, ಗರಿ, ಮಟ್ಟೆ ಎಲ್ಲ ಗುಡಿಸಿ ಬರೀ ಮಣ್ಣು ಕಾಣುವ ಹಾಗೆ ಮಾಡಿ. ಡ್ರಿಪ್ ಪೈಪು ಎಲ್ಲಿ ಹೋಗಿದೆ ಅಂತ ಗೆಳೆಯನನ್ನು ಕೇಳಿ, ಮಣ್ಣಿನ ಕೆಳಗಿದ್ದರೂ ಕರಗುತ್ತದೆ. ತೆಂಗಿನ ಮರದ ಕೆಳಗೆ ಟೆಂಟೂ ಬೇಡ, ಕಾಯಿ ಬೀಳುತ್ತದೆ. ಹಳೆಯ ಕಬ್ಬಿಣದ ಬಾಂಡ್ಲಿ ಇದ್ದರೆ ಅದರೊಳಗೇ ಕೆಂಡ ಹಾಕಿ ಮೇಲೆ ಪಾತ್ರೆ ಕೂರಿಸಿ. ಎರಡು ಬಕೆಟ್ ನೀರು ಪಕ್ಕದಲ್ಲೇ ಇರಲಿ.

ಮಲಗುವ ಮುಂಚೆ ಕೆಂಡಕ್ಕೆ ನೀರು ಹಾಕಿ, ಕಲಕಿ, ಮತ್ತೆ ನೀರು ಹಾಕಿ. ಅಂಗೈ ಹತ್ತಿರ ಹಿಡಿದರೆ ಬಿಸಿ ತಾಗಬಾರದು.

ನಾಗವಲ್ಲಿ ಕಾಡುಪಾಪ

ಜನವರಿ ಚಳಿಗೆ ಕೆಂಡದ ಬಾಂಡ್ಲಿಯನ್ನು ಟೆಂಟಿನೊಳಗೆ ತಂದಿಡುವವರನ್ನು ನೋಡಿದ್ದೇನೆ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್ ವಿಷಾನಿಲಕ್ಕೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಮಕ್ಕಳು ಬೇರೆ ಇದ್ದಾರೆ. ಕಂಬಳಿ ಜಾಸ್ತಿ ಒಯ್ಯಿರಿ, ಕೆಂಡ ಯಾವ ಕಾರಣಕ್ಕೂ ಒಳಗೆ ಬೇಡ.

ತುಮಕೂರು ಟೆಂಟ್

ಖಂಡಿತ. ಇದನ್ನು ಎಲ್ಲರಿಗೂ ಕಳಿಸಿದ್ದೇನೆ. ಕೊನೆಯ ಪ್ರಶ್ನೆ, ತೊಳೆಯುವುದು ಹೇಗೆ? ಅಮ್ಮ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದರೆ ಫಳಫಳ ಆಗುತ್ತದೆ ಅಂತಿದ್ದಾರೆ.

ಚಿಂತಾಮಣಿ ಅವರೆ

ಅಮ್ಮನ ಮಾತು ತಾಮ್ರ, ಹಿತ್ತಾಳೆಗೆ ಸರಿ. ಇದಕ್ಕೆ ಹುಣಸೆಯೂ ಬೇಡ, ಬೂದಿಯೂ ಬೇಡ. ಎರಡೂ ಆ ಪದರವನ್ನು ತೆಗೆದುಬಿಡುತ್ತವೆ. ಪಾತ್ರೆ ಉಗುರು ಬೆಚ್ಚಗಿರುವಾಗ ಬಿಸಿ ನೀರು ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿ. ಕೋಳಿಯ ಜಿಡ್ಡು ಇದ್ದರೆ ಒಂದೆರಡು ಹನಿ ಪಾತ್ರೆ ಸೋಪು ಪರವಾಗಿಲ್ಲ. ತಳಕ್ಕೆ ಹಿಡಿದಿದ್ದರೆ ನೀರು ಹಾಕಿ ಕುದಿಸಿ, ಮರದ ಸೌಟಿನಲ್ಲಿ ಕೆರೆದರೆ ಬಿಡುತ್ತದೆ.

ಕಬ್ಬಿಣದ ಬಾಣಲೆ

ಕಾದ ಪಾತ್ರೆಗೆ ತಣ್ಣೀರು ಸುರಿಯಬೇಡಿ. ಎರಕದ ಕಬ್ಬಿಣ ಗಟ್ಟಿ, ಆದರೆ ಬಾಗುವುದಿಲ್ಲ. ನೇರ ಸೀಳು ಬಿಡುತ್ತದೆ. ಇಂಗ್ಲೆಂಡಿನ ಅಬ್ರಹಾಂ ಡಾರ್ಬಿ ಮರಳಿನ ಅಚ್ಚಿನಲ್ಲಿ ಕಬ್ಬಿಣದ ಪಾತ್ರೆ ಎರಕ ಹೊಯ್ಯುವುದಕ್ಕೆ ಪೇಟೆಂಟ್ ಪಡೆದದ್ದು 1707ರಲ್ಲಿ. ಅಂದಿನಿಂದ ಇಂದಿನವರೆಗೆ ಈ ಒಂದು ದೌರ್ಬಲ್ಯ ಹಾಗೇ ಇದೆ. ಕಾರಿನಲ್ಲಿ ಇಡುವಾಗಲೂ ಗೋಣಿಚೀಲದಲ್ಲಿ ಸುತ್ತಿ, ಕಾಲು ಎಲ್ಲಿಗೂ ಬಡಿಯದ ಹಾಗೆ ಇಡಿ.

ತೊಳೆದ ಮೇಲೆ ಒಲೆಯ ಮೇಲೆ ಒಣಗಿಸಿ, ಬಿಸಿ ಇರುವಾಗಲೇ ತೆಳ್ಳಗೆ ಎಣ್ಣೆ ಸವರಿ ಒರೆಸಿ. ಎತ್ತಿಡುವಾಗ ಮುಚ್ಚಳಕ್ಕೂ ಪಾತ್ರೆಗೂ ನಡುವೆ ಮಡಚಿದ ಕಾಗದ ಇಟ್ಟು ಗಾಳಿ ಆಡಲು ಬಿಡಿ. ಮಳೆಗಾಲದಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಎಣ್ಣೆ ಕಮಟು ಹಿಡಿಯುತ್ತದೆ, ಒಳಗೆ ತುಕ್ಕೂ ಬರುತ್ತದೆ. ತುಕ್ಕು ಬಂದರೂ ಬಿಸಾಕಬೇಡಿ. ನಾರಿನಲ್ಲಿ ಉಜ್ಜಿ ತೆಗೆದು ಮತ್ತೆ ಎಣ್ಣೆ ಹಾಕಿ ಪಳಗಿಸಿದರೆ ಆಯಿತು.

ಮತ್ತೆ ಮುಚ್ಚಳ ಎತ್ತಲು ಒಂದು ಕೊಕ್ಕೆ, ಕೆಂಡಕ್ಕೆ ಉದ್ದನೆಯ ಇಕ್ಕಳ, ದಪ್ಪ ಚರ್ಮದ ಗ್ಲೌಸ್ ಮರೆಯಬೇಡಿ. ಕೊಕ್ಕೆಯನ್ನು ಮುಚ್ಚಳ ಮಾಡಿಸುವ ವೆಲ್ಡಿಂಗ್ ಶಾಪಿನಲ್ಲೇ ಮಾಡಿಕೊಡುತ್ತಾರೆ. ಮುಚ್ಚಳವನ್ನು ಅಲುಗಾಡಿಸದೆ ನೇರ ಮೇಲೆತ್ತಿ, ಗಾಳಿ ಬರುವ ಕಡೆಗೆ ಬೆನ್ನು ಮಾಡಿ ನಿಂತು ಪಕ್ಕಕ್ಕೆ ಸರಿಸಿ. ತೆಗೆದ ಮುಚ್ಚಳವನ್ನು ಮಣ್ಣಿನ ಮೇಲೆ ಇಡಬೇಡಿ, ಎರಡು ಇಟ್ಟಿಗೆ ಮೊದಲೇ ಜೋಡಿಸಿಟ್ಟಿರಿ.

ತುಮಕೂರು ಟೆಂಟ್

ಸರಿ. ಶನಿವಾರ ಮಂಡಿಪೇಟೆಗೆ ಹೋಗಿ ಬಾಣಲೆ ನೋಡುತ್ತೇನೆ, ಮುಚ್ಚಳ, ಕೊಕ್ಕೆ, ಸ್ಟ್ಯಾಂಡು ಮೂರನ್ನೂ ಒಟ್ಟಿಗೆ ಮಾಡಿಸುತ್ತೇನೆ. ಚಿಪ್ಪಿನ ಬ್ರಿಕೆಟ್ ತಿಪಟೂರಿನಲ್ಲಿ ಚಿಲ್ಲರೆಗೆ ಸಿಗುತ್ತಾ, ಮೂಟೆಯೇ ತಗೋಬೇಕಾ?

ತಿಪಟೂರು ಚಿಪ್ಪು

ಅಂಗಡಿ ನೋಡಿ ಕೇಳಬೇಕು. ಈ ಭಾನುವಾರ ನಾನೇ ಗುಬ್ಬಿ ಕಡೆ ಬರುವುದಿದೆ. ನಮ್ಮ ಮನೆಯಲ್ಲಿ ಇದೆ, ಒಂದು ಚೀಲ ತಂದುಕೊಡುತ್ತೇನೆ. ಮೆಸೇಜ್ ಮಾಡಿ.